ಅಟ್ಟದಿಂದ ಇಳಿದ ಕಾಂಟ್ರಾ

ಆಟಿ 2

ಕೊನೆಗೂ ಅಟ್ಟ ಹತ್ತಿದೆ. ಆಟಿ ತಿಂಗಳ ಈ ಮಳೆಗೆ ತೋಟಕ್ಕೆ ಮದ್ದು ಬಿಡಲು ಬರುವುದಿಲ್ಲ ಎಂದು ಬೆಳಿಗ್ಗೆಯೇ ಫೋನು ಬಂದಿತ್ತು. ಹಪ್ಪಳದ ಡಬ್ಬಿಗಳ ಹಿಂದೆ, ಹಳೆಯ ಚಾಪೆಯ ಅಡಿಯಲ್ಲಿ ನನ್ನ ಟೀವಿ ಗೇಮ್ ಸಿಕ್ಕಿತು. 1990ರ ದಶಕದ ಕೊನೆಗೆ ಸೋದರಮಾವ ದುಬೈಯಿಂದ ತಂದದ್ದು. ಕಾಸರಗೋಡಿನ ಬದಿಯಡ್ಕದ ಕಡೆ ಆಗ ಗಲ್ಫಿನಿಂದ ಯಾರಾದರೂ ಬಂದರೆ ಸೆಂಟು, ಟಾರ್ಚು, ಬಾದಾಮಿ ಖಾತ್ರಿ. ನಮ್ಮ ಮನೆಗೆ ಇದೊಂದು ಹೆಚ್ಚಿಗೆ. ಇದು 1983ರಲ್ಲಿ ನಿಂಟೆಂಡೊ ಜಪಾನಿನಲ್ಲಿ ಬಿಟ್ಟ ಫ್ಯಾಮಿಕಾಮ್‌ನ ನಕಲು ಎಂದು ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಆಗ ನಮಗೆ ಅದು ಬರೀ 'ಗೇಮ್'.

ಸ್ಕ್ರೂ ಬಿಚ್ಚಿದರೆ ಒಳಗೆ ಎರಡು ಹಲ್ಲಿಮೊಟ್ಟೆ ಚಿಪ್ಪು, ಒಂದು ಮುಷ್ಟಿ ಸತ್ತ ಇರುವೆ. ಬೋರ್ಡಿನ ಮೇಲೆ ಬೂಷ್ಟು. ಅಡಾಪ್ಟರು ಸತ್ತಿದೆ, ಅದಕ್ಕೆ ಬೇರೆ 9 ವೋಲ್ಟಿನದು ಸಾಕು. ಗೇಮಿನ ಕ್ಯಾಸೆಟ್ಟಿನ 60 ಪಿನ್ನುಗಳು ಕಪ್ಪಾಗಿವೆ, ಅದಕ್ಕೆ ಕಾರಣ ನಾವೇ. ಚಿತ್ರ ಬಾರದಿದ್ದರೆ ಕ್ಯಾಸೆಟ್ ತೆಗೆದು ಬಾಯಿಂದ ಊದುವುದು ಆಗಿನ ಮದ್ದು. ಉಸಿರಿನ ಪಸೆಗೆ ಪಿನ್ನು ಇನ್ನಷ್ಟು ಕೆಡುತ್ತದೆ. ನಿಜವಾಗಿ ಕೆಲಸ ಮಾಡುತ್ತಿದ್ದದ್ದು ತೆಗೆದು ಪುನಃ ಒತ್ತಿದ್ದು ಮಾತ್ರ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಹತ್ತಿ ಅದ್ದಿ ಉಜ್ಜಿ, ರಾತ್ರಿ ಒಲೆಯ ಹತ್ತಿರ ಒಣಗಲು ಇಟ್ಟೆ. "ಅಡಿಕೆ ಒಣಗಿಸಲಿಕ್ಕೆ ಜಾಗ ಇಲ್ಲ, ನಿನ್ನದೊಂದು" ಎಂದು ಅಮ್ಮನ ಗೊಣಗಾಟ.

ಗುರಿ ಬರೆದಿಟ್ಟುಕೊಳ್ಳುತ್ತೇನೆ, ಇಲ್ಲದಿದ್ದರೆ ಜಾರಿಕೊಳ್ಳುತ್ತೇನೆ: ಓಡುತ್ತ ಗುಂಡು ಹೊಡೆಯುವ ಕಾಂಟ್ರಾ ಗೇಮಿನ ಎಂಟೂ ಸ್ಟೇಜನ್ನು ಮೂರು ಜೀವದಲ್ಲಿ ಮುಗಿಸಬೇಕು. 30 ಜೀವ ಕೊಡುವ ಗುಪ್ತ ಬಟನ್ ಮಂತ್ರ ಇಲ್ಲ.

ಆಟಿ 5

ಗೇಮಿನ ಪೆಟ್ಟಿಗೆ ಇನ್ನೂ ಒದ್ದೆ ಎಂದು ಲ್ಯಾಪ್‌ಟಾಪಿನಲ್ಲಿ ಮೆಸೆನ್ ಎಂಬ ಎಮ್ಯುಲೇಟರ್ (ಹಳೆಯ ಪೆಟ್ಟಿಗೆಯ ಹಾಗೆ ನಟಿಸುವ ತಂತ್ರಾಂಶ) ಹಾಕಿ ಅಭ್ಯಾಸ ಶುರು ಮಾಡಿದೆ. ಮಾನ ಹೋಯಿತು. ಮೊದಲ ಕಾಡಿನ ಸ್ಟೇಜು ಚಿಕ್ಕಂದಿನಲ್ಲಿ ನಿದ್ದೆಗಣ್ಣಲ್ಲೂ ದಾಟುತ್ತಿದ್ದದ್ದು. ಈಗ ಸೇತುವೆ ಸಿಡಿಯುವಲ್ಲೇ ಎರಡು ಜೀವ ಹೋಯಿತು. ಗುಂಡುಗಳು ಕಣ್ಣಿಗೆ ಸಿಗುವ ಮೊದಲೇ ಮೈಗೆ ಸಿಗುತ್ತವೆ. ಸಂಗೀತ ಕೂಡ ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಓಡುತ್ತದೆ.

ರಜೆಗೆ ಬಂದಿರುವ ಅಕ್ಕನ ಮಗ ಪಕ್ಕದಲ್ಲೇ ಇದ್ದ. "ಮಾವ, ರಿವೈಂಡ್ ಬಟನ್ ಉಂಟಲ್ಲ, ಹಿಂದೆ ಹೋಗಿ ಪುನಃ ಹಾರಿ." ಬೇಡ ಎಂದೆ. ಸಾಯುವ ಹೆದರಿಕೆ ತೆಗೆದರೆ ಕಾಂಟ್ರಾದಲ್ಲಿ ಉಳಿಯುವುದು ಬಲಕ್ಕೆ ನಡೆಯುವ ಕೆಲಸ ಮಾತ್ರ. ಆದರೆ ಮಂತ್ರದ ಬಗ್ಗೆ ನಾನು ಅಷ್ಟು ಮಡಿ ಮಾಡುವುದಿಲ್ಲ. ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ: ಇದನ್ನು ಹಾಕಿದವರು ಕಾಂಟ್ರಾ ಮಾಡಿದ ಕೊನಾಮಿ ಕಂಪೆನಿಯ ಕಜುಹಿಸಾ ಹಶಿಮೊಟೊ. 1986ರಲ್ಲಿ ಗ್ರೇಡಿಯಸ್ ಗೇಮನ್ನು ಫ್ಯಾಮಿಕಾಮ್‌ಗೆ ತರುವಾಗ ಅವರಿಗೇ ಅದು ಕಷ್ಟವಾಗಿ, ಪರೀಕ್ಷೆಗೆಂದು ತಮಗೇ ಮಾಡಿಕೊಂಡ ಒಳದಾರಿ. ಮಾಡಿದವರೇ ಸೋತ ಮೇಲೆ ನಮಗೆಂಥ ನಾಚಿಕೆ?

ಆದರೂ ಮನಸ್ಸಿಗೆ ಪಿಚ್ಚೆನಿಸಿತು. ವಯಸ್ಸಾಯಿತು ಎಂದೇ ಎಣಿಸಿದೆ.

ಆಟಿ 8

ಪೆಟ್ಟಿಗೆ ಹೊತ್ತಿಕೊಂಡಿತು! ಒಂದು ಕಂಟ್ರೋಲರಿನಲ್ಲಿ ಎ ಬಟನ್ ಸತ್ತಿತ್ತು. ಅಡಿಯ ರಬ್ಬರಿನ ಕಪ್ಪು ಬೊಟ್ಟು ಸವೆದದ್ದು. ಅದಕ್ಕೆ 6ಬಿ ಪೆನ್ಸಿಲ್ ತಿಕ್ಕಿದರೆ ಗ್ರಾಫೈಟಿನಿಂದ ಕರೆಂಟು ಹರಿಯುತ್ತದೆ. ಎಷ್ಟು ದಿನ ಬರುತ್ತದೋ, ಸದ್ಯಕ್ಕಂತೂ ಹಾರುತ್ತದೆ. ಕ್ಯಾಸೆಟ್ಟಿನ ಮೇಲೆ '9999 ಇನ್ 1' ಎಂದು ಉಂಟು. ಎಣಿಸಿ ನೋಡಿದೆ, ಬೇರೆ ಬೇರೆ ಗೇಮು ಇರುವುದು ಹದಿನಾಲ್ಕು. ಉಳಿದದ್ದೆಲ್ಲ ಅದೇ ಗೇಮನ್ನು ಬೇರೆ ಹೆಸರಿಟ್ಟು ಬೇರೆ ಸ್ಟೇಜಿನಿಂದ ಶುರು ಮಾಡಿದ್ದು. ಇಡೀ ಒಂದು ಬೇಸಗೆ ರಜೆ ನಾನೂ ಅಕ್ಕನೂ 5000ದ ಆಚೆ ಹೊಸದೇನಾದರೂ ಇರಬಹುದು ಎಂದು ಪುಟ ಮಗುಚಿದ್ದೆವು.

ಕಾಂಟ್ರಾ ಹಾಕಿದೆ. ಮೊದಲ ಸ್ಟೇಜು ಒಂದೂ ಜೀವ ಹೋಗದೆ ದಾಟಿತು. ಎರಡನೆಯದೂ. ಹಾಗಾದರೆ ಮೂರು ದಿನದ ಹಿಂದೆ ಲ್ಯಾಪ್‌ಟಾಪಿನಲ್ಲಿ ಮುಗ್ಗರಿಸಿದವ ಯಾರು? ಕೈ ಪಳಗಿತೆಂದು ಖುಷಿಪಡಬಹುದಿತ್ತು, ಆದರೆ ಸಂಗೀತ ಬೇರೆ ಕೇಳಿಸಿತು. ಶ್ರುತಿ ಹೆಚ್ಚುಕಡಿಮೆ ಅದೇ, ತಾಳ ಮಾತ್ರ ನಿಧಾನ.

ಆಟಿ 9

ಅಳತೆ ಮಾಡಿದೆವು. ಸೂಪರ್ ಮಾರಿಯೊ ಮೊದಲ ಸ್ಟೇಜು ಹಾಕಿ ಮಾರಿಯೊವನ್ನು ನಿಂತಲ್ಲೇ ಬಿಡುವುದು. ಮೇಲೆ 400ರಿಂದ ಸಮಯ ಇಳಿಯುತ್ತದೆ, 100ಕ್ಕೆ ಬಂದಾಗ ಅವಸರದ ಸಂಗೀತ ಹೊಡೆಯುತ್ತದೆ. ಸೋದರಳಿಯನ ಕೈಯಲ್ಲಿ ಫೋನಿನ ಸ್ಟಾಪ್‌ವಾಚ್. ಲ್ಯಾಪ್‌ಟಾಪಿನಲ್ಲಿ ಸರಿಯಾಗಿ 2 ನಿಮಿಷ. ಪೆಟ್ಟಿಗೆಯಲ್ಲಿ 2 ನಿಮಿಷ 24 ಸೆಕೆಂಡು. ಮೂರು ಸಲ ಅಳೆದರೂ ಅದೇ.

ವಿಷಯ ಇಷ್ಟು. ಜಪಾನು, ಅಮೆರಿಕದ ಆಗಿನ ಟೀವಿ ಪದ್ಧತಿ ಎನ್‌ಟಿಎಸ್‌ಸಿ, ಸೆಕೆಂಡಿಗೆ 60 ಸಲ ಚಿತ್ರ ಬರೆಯುತ್ತಿತ್ತು. ನಮ್ಮದು, ಗಲ್ಫಿನದು ಪಾಲ್, 50 ಸಲ. ಆ ಕಾಲದ ಗೇಮಿಗೆ ಬೇರೆ ಗಡಿಯಾರ ಇಲ್ಲ, ಚಿತ್ರವೇ ಗಡಿಯಾರ. ಮಾರಿಯೊದಲ್ಲಿ 24 ಚಿತ್ರಕ್ಕೊಮ್ಮೆ ಒಂದು ಅಂಕಿ ಇಳಿಯುತ್ತದೆ. 300 ಅಂಕಿ ಎಂದರೆ 7200 ಚಿತ್ರ, 60ರಿಂದ ಭಾಗಿಸಿದರೆ 120 ಸೆಕೆಂಡು, 50ರಿಂದ ಭಾಗಿಸಿದರೆ 144. ಜಪಾನಿನ ವೇಗಕ್ಕೆ ಬರೆದ ಗೇಮನ್ನು ಪಾಲ್ ಟೀವಿಯ ನಕಲಿ ಪೆಟ್ಟಿಗೆಯಲ್ಲಿ ಹಾಕಿದರೆ ನೂರಕ್ಕೆ 17ರಷ್ಟು ನಿಧಾನ. ಗುಂಡು, ವೈರಿ, ಸಂಗೀತ, ನಾನು, ಎಲ್ಲ ಒಟ್ಟಿಗೆ ನಿಧಾನ. ಎಮ್ಯುಲೇಟರಿನಲ್ಲಿ ಇದಕ್ಕೊಂದು ಸೆಟ್ಟಿಂಗೇ ಉಂಟು, ಹೆಸರು 'ಡೆಂಡಿ'. 1992ರಿಂದ ರಷ್ಯಾದಲ್ಲಿ ಮಾರಾಟವಾದ ಇಂಥದ್ದೇ ನಕಲಿ ಪೆಟ್ಟಿಗೆಯ ಹೆಸರು. ಮಾಸ್ಕೊದ ಹುಡುಗರೂ ನಾವೂ ಒಂದೇ ನಿಧಾನದ ಕಾಂಟ್ರಾ ಆಡಿದವರು!

ಹಾಗಾದರೆ ಯಾವುದು ಅಸಲಿ? ಇದನ್ನು ಯೋಚಿಸುತ್ತ ರಾತ್ರಿ ಕೂತಿದ್ದೆ. ನಮ್ಮ ಕಡೆ 'ಆಟ' ಎಂದರೆ ಮೊದಲು ನೆನಪಾಗುವುದು ಯಕ್ಷಗಾನ. ಪ್ರಸಂಗದ ಕಥೆ ಎಲ್ಲರಿಗೂ ಗೊತ್ತು, ಆದರೂ ಹೋಗುತ್ತೇವೆ. ಹಾಗೆಂದು ಬೆಳಗಿನವರೆಗಿನ ಆಟ ನೋಡಿ ಬೆಳೆದವರನ್ನು ಕಾಲಮಿತಿಯ ಆಟಕ್ಕೆ ಕೂರಿಸಿ ನೋಡಿ. ಪದ್ಯ ಅದೇ, ವೇಷ ಅದೇ, ಆದರೆ ಅವರಿಗೆ ಏನೋ ಕಳೆದುಹೋದ ಹಾಗೆ. ಕಾಲಮಿತಿಯಲ್ಲೇ ಬೆಳೆದವರಿಗೆ ಹಳೆಯದು ಎಳೆದಾಟ. 60ರ ಕಾಂಟ್ರಾವೇ ಕೊನಾಮಿಯವರು ಮಾಡಿದ್ದು, ಒಪ್ಪುತ್ತೇನೆ. ನಾನು ಆಡಿದ್ದು ಅದಲ್ಲ. ಈಗ ಅದನ್ನು ಆಡುವುದಿದ್ದರೆ ಅದು ಮರು ಆಟ ಅಲ್ಲ, ನನಗೆ ಹೊಸ ಗೇಮು. ಹಾಗಾಗಿ ಗುರಿಗೆ ತಿದ್ದುಪಡಿ: ಮೊದಲು ಪೆಟ್ಟಿಗೆಯಲ್ಲಿ, ಆಮೇಲೆ 60ರಲ್ಲಿ.

ಮಾರಿಯೊದ ವಿಷಯದಲ್ಲಿ ಮಾತ್ರ ನನ್ನ ಮತ 60ಕ್ಕೆ. 50ರಲ್ಲಿ ಅವನ ಹಾರುವಿಕೆ ನೀರೊಳಗಿನ ಹಾಗೆ. 1985ರ ಆ ಗೇಮು ಒಟ್ಟು 40 ಕಿಲೋಬೈಟು, ಫೋನಿಗೆ ಬರುವ ಒಂದು ಗುಡ್ ಮಾರ್ನಿಂಗ್ ಚಿತ್ರಕ್ಕಿಂತ ಸಣ್ಣದು. ಜಾಗ ಉಳಿಸಲು ಮೋಡವನ್ನೇ ಹಸಿರು ಮಾಡಿ ಪೊದೆ ಎಂದು ಕೂರಿಸಿದ್ದಾರೆ. ಅಳಿಯನಿಗೆ ತೋರಿಸಿದ ಮೇಲೆ ಅವನಿಗೆ ಬೇರೇನೂ ಕಾಣುವುದಿಲ್ಲ.

ಆಟಿ 14

ಬಾತುಕೋಳಿ ಹೊಡೆಯುವ ಬಂದೂಕು ಹೊಸ ಟೀವಿಯಲ್ಲಿ ಒಂದೂ ಬೀಳಿಸಲಿಲ್ಲ. ಗೇಮು 1984ರ ಡಕ್ ಹಂಟ್. ಬಂದೂಕಿನಿಂದ ಏನೂ ಹೊರಡುವುದಿಲ್ಲ, ಅದು ಬೆಳಕನ್ನು ನೋಡುವ ಕಣ್ಣು. ಕುದುರೆ ಒತ್ತಿದ ಕೂಡಲೆ ಪರದೆ ಒಂದು ಕ್ಷಣ ಕಪ್ಪಾಗಿ, ಬಾತು ಇದ್ದಲ್ಲಿ ಬಿಳಿ ಚೌಕ ಮೂಡುತ್ತದೆ. ಅದು ಸರಿಯಾಗಿ ಆ ಗಳಿಗೆಯಲ್ಲಿ ಕಂಡರೆ ಏಟು. ಪಿಕ್ಚರ್ ಟ್ಯೂಬಿನ ಟೀವಿ ಬಂದದ್ದನ್ನು ಬಂದ ಹಾಗೇ ಬರೆಯುತ್ತದೆ. ಎಲ್‌ಸಿಡಿ ಮೊದಲು ಚಿತ್ರ ತೆಗೆದುಕೊಂಡು, ಸಂಸ್ಕರಿಸಿ, ಆಮೇಲೆ ತೋರಿಸುತ್ತದೆ. ಅಷ್ಟರಲ್ಲಿ ಬಂದೂಕು ಕಾದು ಕಾದು ಬಿಟ್ಟಿರುತ್ತದೆ. ಚಿಕ್ಕಂದಿನಲ್ಲಿ ನಾವು ಟೀವಿಗೆ ಮೂಗು ತಾಗಿಸಿ ಹೊಡೆಯುತ್ತಿದ್ದದ್ದು ಸುಮ್ಮನೆ ಅಲ್ಲ.

ನೆರೆಮನೆಯವರ ಕೊಟ್ಟಿಗೆಯಲ್ಲಿ 21 ಇಂಚಿನ ಡಬ್ಬಾ ಟೀವಿ ಇತ್ತು. "ಕೊಂಡೋಗು ಮಾರಾಯ, ಪುಣ್ಯ ಬರಲಿ" ಎಂದರು. ಟಾರ್ಪಾಲು ಹೊದಿಸಿ ಇಬ್ಬರು ಹೊತ್ತು ತಂದೆವು. ಅದನ್ನು ಪೇಟೆಯ ರಿಪೇರಿ ಅಂಗಡಿಗೆ ತೋರಿಸಿದ್ದೇ ತಪ್ಪು. ಒಂದು ವಾರ ಬೇಕು ಎಂದವರು ನಾಲ್ಕು ದಿನಕ್ಕೆ ಫೋನು ತೆಗೆಯುವುದನ್ನೇ ಬಿಟ್ಟರು. ಹೋಗಿ ನೋಡಿದರೆ ಟೀವಿಯ ಮೇಲೆ ಅವರ ಚಹಾದ ಗ್ಲಾಸು. ತಂದು ಪ್ಲಗ್ ಹಾಕಿದೆ, ಮೊದಲಿನಿಂದಲೂ ಸರಿಯೇ ಇತ್ತು ಕಾಣುತ್ತದೆ. ಅಳಿಯ ಮೊದಲ ಸುತ್ತಿನಲ್ಲೇ ಹತ್ತಕ್ಕೆ ಎಂಟು ಬಾತು ಬೀಳಿಸಿದ. ಗೇಮು ಹೇಗುಂಟು ಎಂದು ಕೇಳಿದರೆ ಹತ್ತು ನಿಮಿಷಕ್ಕೆ ಬೇಸರ ಬರುತ್ತದೆ. ಯಂತ್ರದ ಕೌಶಲ ಮಾತ್ರ ಈಗಲೂ ಚಂದ.

ಆಟಿ ಅಮಾವಾಸ್ಯೆ

ಬೆಳಿಗ್ಗೆ ಪಾಲೆ ಕಷಾಯ, ಮಧ್ಯಾಹ್ನ ಪತ್ರೊಡೆ. ಅಕ್ಕ ಮಂಗಳೂರಿನಿಂದ ಬಂದಿದ್ದಳು. ಹಿಂದಿನ ರಾತ್ರಿ ಒಬ್ಬನೇ ಆರನೆಯ ಸ್ಟೇಜಿನವರೆಗೆ ಹೋಗಿದ್ದೆ, ನಡುವೆ ಕರೆಂಟು ಹೋಯಿತು. ಸೇವ್ ಇಲ್ಲ, ಎಲ್ಲ ಮೊದಲಿನಿಂದ.

ಅಕ್ಕನಿಗೆ ಏನೂ ಹೇಳದೆ ಮೊದಲು ಲ್ಯಾಪ್‌ಟಾಪಿನಲ್ಲಿ 60ರ ಕಾಂಟ್ರಾ ಕೊಟ್ಟೆ. "ಇದೆಂತ, ಬೆನ್ನಿಗೆ ಬೆಂಕಿ ಬಿದ್ದ ಹಾಗೆ ಓಡ್ತಾರೆ?" ಎಂದು ಕೆಳಗಿಟ್ಟಳು. ಆಮೇಲೆ ಪೆಟ್ಟಿಗೆ. ಅರ್ಧ ನಿಮಿಷಕ್ಕೆ ಅವಳ ಬಾಯಲ್ಲಿ ಸಂಗೀತ ಶುರುವಾಯಿತು, ಡಂ ಡಂ ಎಂದು, ತಾಳ ತಪ್ಪದೆ. ಎರಡನೆಯ ಕಂಟ್ರೋಲರು ನಾನು ಹಿಡಿದೆ.

ಮೂರನೆಯ ಸ್ಟೇಜು ಜಲಪಾತ. ಒಬ್ಬರು ಮೇಲೆ ಹಾರಿದರೆ ಪರದೆಯೂ ಮೇಲೆ ಹೋಗುತ್ತದೆ, ಕೆಳಗೆ ಉಳಿದವರು ಪರದೆಯ ಅಂಚಿಗೆ ಬಿದ್ದು ಸಾಯುತ್ತಾರೆ. ಆಗ ನಮ್ಮ ಜಗಳಗಳೆಲ್ಲ ಇಲ್ಲೇ ಆದದ್ದು.

"ನಿಲ್ಲು ಅಕ್ಕ, ನಾನು ಕೆಳಗಿದ್ದೇನೆ!"

"ನೀನು ಬೇಗ ಬಾ ಮಾರಾಯ, ನನಗೆ ಮೇಲೆ ಎಸ್ ಗನ್ ಉಂಟು."

ಗುಂಡು ಹರಡಿ ಹೊಡೆಯುವ ಆ ಬಂದೂಕಿಗಾಗಿ ಹಾರಿದಳು. ನನ್ನ ಮೂರೂ ಜೀವ ಜಲಪಾತಕ್ಕೆ. ಅವಳೊಬ್ಬಳೇ ನಾಲ್ಕನೆಯ ಸ್ಟೇಜಿನವರೆಗೆ ಹೋಗಿ, ಐದೂವರೆಯ ಬಸ್ಸು ಹಿಡಿಯಲು ಎದ್ದಳು. ಪೆಟ್ಟಿಗೆ ಆಫ್ ಮಾಡಿಲ್ಲ, ಅಳಿಯ ಕೂತಿದ್ದಾನೆ.