ಕರೆಂಟ್ ಬಂತು, ಫೋನ್ ಎದ್ದಿತು, ಸರ್ವಿಸ್ ಮಾತ್ರ ಏಳಲಿಲ್ಲ

ಕೊನೆಗೂ ಗೆದ್ದೆ. ನಿನ್ನೆ ಸಂಜೆ ಮಳೆಗೆ ನಮ್ಮ ರಸ್ತೆಯ ಕರೆಂಟ್ ಹೋಯಿತು, ಮೆಟ್ಟಿಲ ಕೋಣೆಯ ಹಳೇ ಫೋನಿನ ಬ್ಯಾಟರಿಯೂ ಖಾಲಿಯಾಗಿ ಆಫ್ ಆಯಿತು. ರಾತ್ರಿ ಕರೆಂಟ್ ಬಂದಾಗ ಅದು ತಾನೇ ಆನ್ ಆಗಿ, ಯಾರೂ ಮುಟ್ಟದೆ, ಟ್ಯಾಂಕಿನ ನೀರಿನ ಮಟ್ಟ ಕಳಿಸಲು ಶುರು ಮಾಡಿದೆ. ಬೆಳಿಗ್ಗೆ ಲಾಗ್ ನೋಡಿ ಆದ ಖುಷಿ ಅಷ್ಟಿಷ್ಟಲ್ಲ.

ಸೆಟಪ್ ಹಳೆಯದೇ. ಟ್ಯಾಂಕಿನ ಮುಚ್ಚಳದೊಳಗೆ ಅಲ್ಟ್ರಾಸಾನಿಕ್ ಸೆನ್ಸರ್, ಅದಕ್ಕೆ ಇಎಸ್‌ಪಿ32 ಅನ್ನೋ ಪುಟ್ಟ ಕಂಟ್ರೋಲರ್ ಬೋರ್ಡ್, ಅಲ್ಲಿಂದ ಬ್ಲೂಟೂತಿನಲ್ಲಿ ಫೋನಿಗೆ, ಫೋನಿನಿಂದ ವೈಫೈ ಮೂಲಕ ಮನೆಯವರಿಗೆಲ್ಲ. ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಮನೆಯಲ್ಲಿ ಇದು ಯಾಕೆ ಬೇಕು ಅಂತ ಬಿಡಿಸಿ ಹೇಳಬೇಕಿಲ್ಲ. ಚಾರ್ಜರ್‌ಗೆ ಕರೆಂಟ್ ಬಂದ ಕೂಡಲೇ ಬರೀ ಬ್ಯಾಟರಿ ಚಿತ್ರ ತೋರಿಸುತ್ತಾ ಕೂರದೆ ಪೂರ್ತಿ ಬೂಟ್ ಆಗಲಿ ಅಂತ ಫಾಸ್ಟ್‌ಬೂಟಿನಲ್ಲಿ (ಕಂಪ್ಯೂಟರಿನಿಂದ ಫೋನಿನ ಒಳ ಸೆಟಿಂಗ್ ಬದಲಿಸುವ ದಾರಿ) ಆಫ್-ಮೋಡ್-ಚಾರ್ಜ್ ಅನ್ನು ಸೊನ್ನೆ ಮಾಡಿದ್ದೇನೆ. ಎಲ್ಲ ಫೋನಿನಲ್ಲೂ ಇದು ನಡೆಯಲ್ಲ, ಇದರಲ್ಲಿ ನಡೆಯಿತು.

ತಲೆ ತಿಂದಿದ್ದು ಅದರ ಮುಂದಿನ ಹೆಜ್ಜೆ. ಟೇಬಲ್ ಮೇಲಿಟ್ಟು ರೀಬೂಟ್ ಮಾಡಿದರೆ ಸರ್ವಿಸ್, ಅಂದರೆ ಆಪಿನಲ್ಲಿ ಹಿಂದೆ ಓಡುತ್ತಾ ನೀರಿನ ಮಟ್ಟ ಕಳಿಸುವ ಭಾಗ, ಚೆನ್ನಾಗಿ ಏಳುತ್ತಿತ್ತು. ಮೇಲೆ ಇಟ್ಟು ಬಂದ ಮೇಲೆ ಕರೆಂಟ್ ಹೋಗಿ ಬಂದರೆ ಮಾತ್ರ ಸದ್ದೇ ಇಲ್ಲ. ಫೋನ್ ಎದ್ದಾಯಿತು ಅಂತ ಆಂಡ್ರಾಯ್ಡ್ ಆಪ್‌ಗಳಿಗೆಲ್ಲ ಸಾರುವ ಸುದ್ದಿಗೆ (ಬ್ರಾಡ್‌ಕಾಸ್ಟ್) ಬೂಟ್ ಕಂಪ್ಲೀಟೆಡ್ ಅಂತ ಹೆಸರು. ಅದನ್ನು ಕೇಳಿಸಿಕೊಳ್ಳುವ ರಿಸೀವರ್ ಆಪಿನ ವಿವರ ಪಟ್ಟಿಯಾದ ಮ್ಯಾನಿಫೆಸ್ಟಿನಲ್ಲಿದೆ, ಪರ್ಮಿಷನ್ ಇದೆ. ಆಪ್ ಅನ್ನು ಒಂದು ಸಲ ಕೈಯಾರೆ ತೆರೆದಾಗಿದೆ, ಇಲ್ಲದಿದ್ದರೆ ಆಂಡ್ರಾಯ್ಡ್ 3.1ರಿಂದ ಈಚೆಗೆ ಆ ಬ್ರಾಡ್‌ಕಾಸ್ಟ್ ಬರುವುದೇ ಇಲ್ಲ, ಫೋರ್ಸ್ ಸ್ಟಾಪ್ ಮಾಡಿದರೂ ಅದೇ ಕತೆ. 8.0ರ ನಿಯಮದಂತೆ ಫೋರ್‌ಗ್ರೌಂಡ್ ಸರ್ವಿಸ್ (ನೋಟಿಫಿಕೇಶನ್ ತೋರಿಸುತ್ತಾ ಓಡುವ ಸರ್ವಿಸ್) ಆಗಿಯೇ ಸ್ಟಾರ್ಟ್ ಮಾಡಿ, 5 ಸೆಕೆಂಡಿನೊಳಗೆ ನೋಟಿಫಿಕೇಶನ್ ತೋರಿಸುತ್ತಿದ್ದೇನೆ. ಇನ್ನು ಈ ಫೋನಿನ ಕಂಪನಿಯವರು ಆಟೋಸ್ಟಾರ್ಟ್ ಸ್ವಿಚ್ಚನ್ನು ಸೆಟಿಂಗ್ಸಿನ ಯಾವುದೋ ಮೂಲೆಯಲ್ಲಿ ಅಡಗಿಸಿಟ್ಟಿದ್ದಾರೆ. ಬಳಸುವವರು ತಾವೇ ಬೇಕು ಅಂತ ಹಾಕಿಕೊಂಡ ಆಪನ್ನು ತಡೆಯುವ ಸ್ವಿಚ್ಚು ಕಣ್ಣಿಗೆ ಬೀಳುವ ಜಾಗದಲ್ಲಿರಬೇಕು ಅಲ್ವಾ? ಅದನ್ನೂ ಹುಡುಕಿ ಆನ್ ಮಾಡಿದ್ದೆ.

ಸುಳಿವು ಸಿಕ್ಕಿದ್ದು ಅಮ್ಮನಿಂದ. "ಫೋನ್ ಚೆನ್ನಾಗೇ ಇದೆಯಲ್ಲೋ, ನಾನು ಮೇಲೆ ಹೋಗಿ ನಂಬರ್ ಹೊಡೆದ ತಕ್ಷಣ ಟ್ಯಾಂಕಿನ ಲೆಕ್ಕ ಬಂತು" ಅಂದರು. ನಂಬರ್ ಹೊಡೆದ ತಕ್ಷಣ! ಹಳೇ ಲಾಗ್ ತೆಗೆದು ನೋಡಿದರೆ, ಸರ್ವಿಸ್ ಎದ್ದ ಪ್ರತಿ ಹೊತ್ತೂ ಯಾರಾದರೂ ಮೇಲೆ ಹೋಗಿ ಪಿನ್ ಹಾಕಿದ ಹೊತ್ತೇ. ಅಂದರೆ ಹೋಗಿ ನೋಡಿದಾಗಲೆಲ್ಲ ಎಲ್ಲ ಸರಿಯಾಗಿಯೇ ಕಾಣುತ್ತದೆ, ನೋಡದೆ ಇದ್ದರೆ ರಾತ್ರಿಯಿಡೀ ಸುಮ್ನೆ ಬಿದ್ದಿರುತ್ತದೆ.

ಕಾರಣ ಡೈರೆಕ್ಟ್ ಬೂಟ್, ಅಂದರೆ ಪಿನ್ ಹಾಕುವ ಮುಂಚೆ ಫೋನ್ ಅರ್ಧ ಮಾತ್ರ ಎದ್ದಿರುವ ಸ್ಥಿತಿ. 2016ರ ಆಂಡ್ರಾಯ್ಡ್ 7.0ರಲ್ಲಿ ಬಂದಿದ್ದು, 10ರೊಂದಿಗೆ ಮಾರುಕಟ್ಟೆಗೆ ಬಂದ ಫೋನುಗಳಲ್ಲಂತೂ ಇದರ ಹಿಂದಿನ ಫೈಲ್ ಎನ್‌ಕ್ರಿಪ್ಷನ್ ಕಡ್ಡಾಯ. ಫೋನ್ ಆನ್ ಆದಾಗ ಹಜಾರದ ಬಾಗಿಲು ಮಾತ್ರ ತೆರೆದಿರುತ್ತದೆ, ಒಳಗಿನ ಕೋಣೆಯ ಬೀಗ ತೆಗೆಯುವುದು ನಿಮ್ಮ ಪಿನ್. ಬೂಟ್ ಕಂಪ್ಲೀಟೆಡ್ ಬರುವುದು ಆ ಬೀಗ ತೆಗೆದ ಮೇಲೆಯೇ. ಅದಕ್ಕೂ ಮುಂಚೆ ಬರುವುದು ಲಾಕ್ಡ್ ಬೂಟ್ ಕಂಪ್ಲೀಟೆಡ್ ಅನ್ನೋ ಬೇರೆ ಬ್ರಾಡ್‌ಕಾಸ್ಟ್. ಸ್ಕ್ರೀನ್ ಲಾಕನ್ನೇ ತೆಗೆದುಬಿಟ್ಟರೆ ಸಮಸ್ಯೆಯೇ ಇಲ್ಲ, ನಿಜ. ಆದರೆ ಮೆಟ್ಟಿಲ ಕೋಣೆಗೆ ಬಾಡಿಗೆಯವರು, ಕೇಬಲಿನವರು, ಸೋಲಾರ್ ರಿಪೇರಿಯವರು ಎಲ್ಲ ಬರುತ್ತಾರೆ, ಫೋನಿನಲ್ಲಿ ನಮ್ಮ ಸಿಮ್ ಇದೆ. ಲಾಕ್ ಇರಲೇಬೇಕು.

ಹಾಗಾಗಿ ರಿಸೀವರಿಗೂ ಸರ್ವಿಸಿಗೂ ಡೈರೆಕ್ಟ್ ಬೂಟ್ ಅವೇರ್ ಟ್ರೂ (ಬೀಗ ತೆಗೆಯುವ ಮುಂಚೆಯೂ ಓಡಬಹುದು ಅನ್ನೋ ಗುರುತು) ಹಾಕಿ, ಹೊಸ ಬ್ರಾಡ್‌ಕಾಸ್ಟನ್ನೂ ಸೇರಿಸಿದೆ. ಈ ಸಲ ಸರ್ವಿಸ್ ಎದ್ದಿತು, ಎದ್ದ ಕೂಡಲೇ ಬಿತ್ತು. ಟ್ಯಾಂಕಿನ ಎತ್ತರ, ಇಎಸ್‌ಪಿ32ರ ಮ್ಯಾಕ್ ಅಡ್ರೆಸ್ (ಬ್ಲೂಟೂತ್ ವಿಳಾಸ) ಎಲ್ಲ ಆಪಿನ ಸೆಟಿಂಗ್ಸ್ ಇಡುವ ಶೇರ್ಡ್ ಪ್ರಿಫರೆನ್ಸ್ ಫೈಲಿನಲ್ಲಿವೆ, ಅದು ಇರುವುದು ಬೀಗ ಹಾಕಿದ ಕಡೆ. ಮುಟ್ಟಿದರೆ ಇಲ್ಲೀಗಲ್ ಸ್ಟೇಟ್ ಎಕ್ಸೆಪ್ಷನ್ ಅನ್ನೋ ಎರರ್. ಪಿನ್ ಹಾಕುವ ಮುಂಚೆಯೂ ತೆರೆದಿರುವ ಡಿವೈಸ್ ಪ್ರೊಟೆಕ್ಟೆಡ್ ಸ್ಟೋರೇಜಿನ ಕಾಂಟೆಕ್ಸ್ಟ್ ತೆಗೆದುಕೊಂಡು, ಮೂವ್ ಶೇರ್ಡ್ ಪ್ರಿಫರೆನ್ಸಸ್ ಫ್ರಮ್ ಕರೆದು ಆ ಫೈಲನ್ನು ಹೊರಗಿನ ಕಡೆಗೆ ಸಾಗಿಸಿದೆ. ಅಲ್ಲಿಗೆ ಹೋಗಬೇಕಾದ್ದು ಅಷ್ಟೇ. ಪಾಸ್‌ವರ್ಡು, ಟೋಕನ್ನು ಇದ್ದರೆ ಒಳಗೇ ಇರಲಿ, ಅದಕ್ಕೆ ತಾನೇ ಆ ಬೀಗ ಇರೋದು. ಹಿನ್ನೆಲೆ ಕೆಲಸಗಳಿಗೆ ವರ್ಕ್ ಮ್ಯಾನೇಜರ್ ಲೈಬ್ರರಿ ಬಳಸುವವರು ಗಮನಿಸಿ, ಲಾಕ್ ತೆಗೆಯುವ ಮುಂಚೆ ಅದು ಕೆಲಸ ಮಾಡಲ್ಲ. ಬ್ಲೂಟೂತ್, ವೈಫೈ ಎರಡೂ ಅಷ್ಟು ಹೊತ್ತಿಗೇ ಎದ್ದಿದ್ದವು, ಮ್ಯಾಕ್ ಅಡ್ರೆಸ್ ಕೈಯಲ್ಲಿರುವುದರಿಂದ ಸ್ಕ್ಯಾನ್ ಕೂಡ ಬೇಕಾಗಲಿಲ್ಲ.

ಸೆನ್ಸರಿನದು ಬೇರೆಯೇ ಗೋಳು. ಆನ್‌ಲೈನಿನಲ್ಲಿ ನೀರು ತಾಗಿದರೂ ತಡೆಯುವ ಜೆಎಸ್‌ಎನ್-ಎಸ್‌ಆರ್04ಟಿ ಕೇಳಿದರೆ, ಬಂದಿದ್ದು ಮಾಮೂಲಿ ಎಚ್‌ಸಿ-ಎಸ್‌ಆರ್04. ಟ್ಯಾಂಕಿನ ಹಬೆಯಲ್ಲಿ ಅದು ಬಾಳುವ ಮಾಲಲ್ಲ. ವಾಪಸ್ ತಗೋಳಲ್ಲ ಅಂದರು. ಕಡೆಗೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿಗೆ ಹೋಗಿ, ಅಂಗಡಿಯಲ್ಲೇ ಹಚ್ಚಿ ನೋಡಿ ತಂದೆ. ಅಲ್ಲಿ ನಿಂತಿದ್ದಾಗಲೇ ಅಯಸ್ಕಾಂತ ಹತ್ತಿರ ಬಂದರೆ ಕೂಡಿಕೊಳ್ಳುವ ರೀಡ್ ಸ್ವಿಚ್ ಕಣ್ಣಿಗೆ ಬಿತ್ತು, ಅದನ್ನೂ ತಂದಿದ್ದೇನೆ. ಮುಂದಿನದು ಮಳೆ ಮಾಪಕ: ಮಕ್ಕಳಾಡುವ ಸೀ-ಸಾ ಥರ ಆ ಕಡೆ ಈ ಕಡೆ ಮಗುಚುವ ಪುಟ್ಟ ಬಟ್ಟಲು, ಮಗುಚಿದಾಗಲೆಲ್ಲ ಅಯಸ್ಕಾಂತ ಸ್ವಿಚ್ಚನ್ನು ದಾಟುತ್ತದೆ, ಎಣಿಸಿದರೆ ಆಯಿತು. ಟೆರೇಸಿನ ಮಳೆ ನೀರು ಫಿಲ್ಟರ್ ದಾಟಿ ಸಂಪಿಗೇ ಹೋಗುತ್ತದೆ, ಎಷ್ಟು ಮಿಲಿಮೀಟರಿಗೆ ಸಂಪು ಎಷ್ಟು ಏರುತ್ತದೆ ಅಂತ ಸೆಪ್ಟೆಂಬರ್ ಮಳೆಯೊಳಗೆ ನನಗೆ ಗೊತ್ತಾಗಲೇಬೇಕು.

ಅದಕ್ಕೂ ಮೊದಲು ಎರಡು ಕೆಲಸ ಬಾಕಿ. ಪಿನ್ ಹಾಕಿದ ಮೇಲೆ ಬೂಟ್ ಕಂಪ್ಲೀಟೆಡ್ ಕೂಡ ಬಂದೇ ಬರುತ್ತದೆ, ಆಗ ಓಡುತ್ತಿರುವ ಸರ್ವಿಸಿಗೆ ಇನ್ನೊಂದು ಸ್ಟಾರ್ಟ್ ಕಮ್ಯಾಂಡ್ ಬಿದ್ದು ಬ್ಲೂಟೂತ್ ಕನೆಕ್ಷನ್ ಎರಡಾಗುತ್ತದೆ, ಅದನ್ನು ತಡೆಯಬೇಕು. ಇನ್ನೊಂದು, ಈ ಫೋನಿನ ಜಾಗಕ್ಕೆ ಬರಲಿರುವುದು ಆಂಡ್ರಾಯ್ಡ್ 15ರದು. ಆಪ್ 15ಕ್ಕೆ ಟಾರ್ಗೆಟ್ ಆಗಿದ್ದರೆ (15ರ ನಿಯಮಗಳಿಗೆ ಒಪ್ಪಿ ಕಟ್ಟಿದ್ದರೆ) ಬೂಟ್ ಬ್ರಾಡ್‌ಕಾಸ್ಟಿನಿಂದ ಡೇಟಾ ಸಿಂಕ್ ಟೈಪಿನ ಸರ್ವಿಸ್ ಸ್ಟಾರ್ಟ್ ಮಾಡಲು ಬಿಡುವುದಿಲ್ಲ. ಕನೆಕ್ಟೆಡ್ ಡಿವೈಸ್ ಟೈಪಿಗೆ ಆ ತಡೆ ಇಲ್ಲ, ನಮ್ಮದು ಹೇಗಿದ್ದರೂ ಬ್ಲೂಟೂತ್ ಸೆನ್ಸರ್, ಸರಿಯಾದ ಟೈಪೂ ಅದೇ. ಈ ವಾರ ಟೈಪ್ ಬದಲಿಸಿ ಅದೇ ಪರೀಕ್ಷೆ: ಕಂಪ್ಯೂಟರಿನಿಂದ ಎಡಿಬಿ ಕಮ್ಯಾಂಡಿನಲ್ಲಿ ರೀಬೂಟ್, ಸ್ಕ್ರೀನ್ ಮುಟ್ಟದೆ ಲಾಗ್‌ಕ್ಯಾಟಿನಲ್ಲಿ ಫೋನಿನ ಲಾಗ್ ನೋಡುವುದು.