ಡಿಸ್ಪೆನ್ಸರಿ ಡಾಕ್ಟರರ ವಂಶವೃಕ್ಷ: ಇಲ್ಲಿಯವರೆಗೆ ಸಿಕ್ಕಿದ್ದು

ಐರ್ಲೆಂಡಿನ ಕಾರ್ಕ್ ನಗರದಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿಯ ಮುತ್ತಾತ 19ನೇ ಶತಮಾನದಲ್ಲಿ ಪಶ್ಚಿಮ ಕಾರ್ಕ್‌ನ ಹಳ್ಳಿಯೊಂದರಲ್ಲಿ ಡಾಕ್ಟರಾಗಿದ್ದವರು. ಅವರ ತಂದೆ ಯಾರು, ಹುಟ್ಟಿದ ಊರು ಯಾವುದು ಎಂಬಲ್ಲಿ ನನ್ನ ಹುಡುಕಾಟ ಬಹಳ ಕಾಲದಿಂದ ನಿಂತುಹೋಗಿತ್ತು. ಈ ಚಳಿಗಾಲದಲ್ಲಿ ಒಂದು ದಾರಿ ಕಂಡಿದೆ.

ಐರ್ಲೆಂಡಿನಲ್ಲಿ ವಂಶಾವಳಿ ಹುಡುಕುವವರೆಲ್ಲ 1922ನ್ನು ಶಪಿಸುತ್ತಾರೆ. ಆ ವರ್ಷದ ಜೂನ್ 30ರಂದು, ಅಂತರ್ಯುದ್ಧದ ಆರಂಭದಲ್ಲೇ, ಡಬ್ಲಿನ್ನಿನ ಫೋರ್ ಕೋರ್ಟ್ಸ್ ಎಂಬ ನ್ಯಾಯಾಲಯ ಆವರಣದಲ್ಲಿದ್ದ ದಾಖಲೆ ಕಚೇರಿ ಸ್ಫೋಟಕ್ಕೆ ಸಿಕ್ಕಿ ಸುಟ್ಟುಹೋಯಿತು. 1821ರಿಂದ 1851ರವರೆಗಿನ ಜನಗಣತಿಯಲ್ಲಿ ಉಳಿದದ್ದು ಚೂರುಪಾರು ಮಾತ್ರ. ಆದರೆ 1861 ಮತ್ತು 1871ರ ಹಾಳೆಗಳನ್ನು ಸರ್ಕಾರ ಮೊದಲೇ ನಾಶಮಾಡಿತ್ತು. 1881 ಮತ್ತು 1891ರವನ್ನು ಮೊದಲ ಮಹಾಯುದ್ಧದ ಕಾಲದಲ್ಲಿ ರದ್ದಿಗೆ ಹಾಕಲಾಗಿತ್ತು. ಎಲ್ಲ ಪಾಪವನ್ನೂ ಬೆಂಕಿಯ ತಲೆಗೆ ಕಟ್ಟುವುದು ನ್ಯಾಯವಲ್ಲ, ಅರ್ಧ ಪಾಲು ಗುಮಾಸ್ತರದು. ಪೂರ್ತಿಯಾಗಿ ಉಳಿದ ಅತಿ ಹಳೆಯ ಗಣತಿ 1901ರದು. ನಮ್ಮ ಡಾಕ್ಟರು ತೀರಿಕೊಂಡದ್ದು 1889ರಲ್ಲಿ.

ವಿಚಿತ್ರವೆಂದರೆ ಆ ಹಳ್ಳಿಯ ಕಾಗದಪತ್ರಗಳಲ್ಲಿ ಅವರ ಹೆಸರು ಬರುವಷ್ಟು ಸಲ ಬೇರೆ ಯಾರದೂ ಬರುವುದಿಲ್ಲ. 1851ರ ಕಾಯ್ದೆಯೊಂದು ಐರ್ಲೆಂಡನ್ನು ಏಳುನೂರಕ್ಕೂ ಹೆಚ್ಚು ಡಿಸ್ಪೆನ್ಸರಿ ವಲಯಗಳಾಗಿ ವಿಂಗಡಿಸಿತು. ಬಡವರಿಗೆ ಉಚಿತ ಚಿಕಿತ್ಸೆಯ ಚೀಟಿ ಕೊಡುತ್ತಿದ್ದರು: ಕಪ್ಪು ಚೀಟಿಯಿದ್ದವರು ಡಿಸ್ಪೆನ್ಸರಿಗೆ ಬರಬೇಕು, ಕೆಂಪು ಚೀಟಿ ಬಂದರೆ ಡಾಕ್ಟರೇ ಅವರ ಮನೆಗೆ ಹೋಗಬೇಕು. 1864ರ ಜನವರಿ 1ರಿಂದ ಎಲ್ಲ ಜನನ, ಮರಣ, ಮದುವೆಗಳ ನೋಂದಣಿ ಕಡ್ಡಾಯವಾದಾಗ ಹೊಸ ಕಚೇರಿ ಕಟ್ಟುವ ಗೊಡವೆಗೆ ಹೋಗದೆ ಇದೇ ವಲಯಗಳನ್ನು ಬಳಸಿಕೊಂಡರು. ಹೀಗಾಗಿ ಡಿಸ್ಪೆನ್ಸರಿ ಡಾಕ್ಟರೇ ಬಹುಪಾಲು ಕಡೆ ರಿಜಿಸ್ಟ್ರಾರ್ ಕೂಡ ಆದರು. ಊರಿನ ಹುಟ್ಟು ಸಾವುಗಳಿಗೆಲ್ಲ ಸಹಿ ಹಾಕಿದ ಮನುಷ್ಯನ ಸ್ವಂತ ಹುಟ್ಟು ಮಾತ್ರ ಎಲ್ಲೂ ದಾಖಲಾಗಿಲ್ಲ.

ಮರಣದ ಪುಟಗಳನ್ನು ಓದುತ್ತ ಕುಳಿತರೆ ಏಳಲು ಮನಸ್ಸಾಗುವುದಿಲ್ಲ. ಒಂದು ನಮೂದು ಹೀಗಿದೆ: ಕೂಲಿಯವನ ಹೆಂಡತಿ, ನಿಶ್ಶಕ್ತಿ, ಕಾಯಿಲೆಯ ಅವಧಿ ಎರಡು ವರ್ಷ, ವೈದ್ಯರು ನೋಡಿಲ್ಲ. ಮಾಹಿತಿ ಕೊಟ್ಟ ಗಂಡನ ಹೆಸರಿನ ಪಕ್ಕದಲ್ಲಿ ಸಹಿಯ ಬದಲು ಒಂದು ಕತ್ತರಿ ಗುರುತು. ಪಕ್ಕದ ಕಾಲಮಿನಲ್ಲಿ ರಿಜಿಸ್ಟ್ರಾರ್ ಎಂದು ನಮ್ಮ ಡಾಕ್ಟರರ ಹೆಸರು. ವೈದ್ಯರು ನೋಡಿಲ್ಲ ಎಂಬುದನ್ನು ದಾಖಲಿಸಿದವರು ಆ ವಲಯದ ವೈದ್ಯರೇ! ಇಂಥ ನಮೂದು ಅಪರೂಪವಲ್ಲ. ಇದನ್ನು ಅವರ ನಿರ್ಲಕ್ಷ್ಯ ಎನ್ನಲು ನಾನು ಸಿದ್ಧನಿಲ್ಲ. ಕೆಸರು ದಾರಿಯ ವಲಯಕ್ಕೆಲ್ಲ ಒಬ್ಬನೇ ಡಾಕ್ಟರು. ಇದು ಡಾಕ್ಟರರದೇ ಅಕ್ಷರವೆಂದು ಅಜ್ಜಿ ಹಿಗ್ಗಿದರು, ಆದರೆ ಜಾಲತಾಣದಲ್ಲಿ ಕಾಣುವುದು ಡಬ್ಲಿನ್ನಿಗೆ ಕಳಿಸಿದ ನಕಲು ಪ್ರತಿ. ಸಹಿ ಸೇರಿದಂತೆ ಪುಟವೆಲ್ಲ ಒಂದೇ ಕೈಯ ಬರಹ.

ಮನೆಯಲ್ಲಿ ಬಾಯಿಂದ ಬಾಯಿಗೆ ಬಂದ ಕಥೆಯೊಂದಿದೆ: 1847ರ ಕ್ಷಾಮದಲ್ಲಿ ಇವರು ಸ್ಕಿಬ್ಬರೀನಿನ ಡಾಕ್ಟರ್ ಡೇನಿಯಲ್ ಡೊನೊವನ್ ಅವರ ಜೊತೆ ಗುಡಿಸಲು ಗುಡಿಸಲು ಸುತ್ತಿದರಂತೆ. ಡೊನೊವನ್ ದೊಡ್ಡ ಹೆಸರು. ಆ ವರ್ಷ ಅವರು ಬರೆದ ದಿನಚರಿ ಕಾರ್ಕ್‌ನ ಪತ್ರಿಕೆಯಲ್ಲಿ ಅಚ್ಚಾಯಿತು, ಲಂಡನ್ ಪತ್ರಿಕೆಗಾಗಿ ಬಂದ ಚಿತ್ರಕಾರ ಜೇಮ್ಸ್ ಮಹೋನಿಗೆ ಊರು ತೋರಿಸಿದವರಲ್ಲಿ ಅವರೂ ಒಬ್ಬರು. ನಮ್ಮವರ ವಿಷಯಕ್ಕೆ ಬಂದರೆ, 1858ರ ಕಾಯ್ದೆಯ ನಂತರ ಪ್ರಕಟವಾಗತೊಡಗಿದ ವೈದ್ಯರ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಐರ್ಲೆಂಡಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್‌ನ ಪರವಾನಗಿ, 1848 ಎಂದಿದೆ. ಅಂದರೆ ಕ್ಷಾಮದ ಕಡು ದಿನಗಳಲ್ಲಿ ಅವರಿನ್ನೂ ವಿದ್ಯಾರ್ಥಿ. ರಜೆಯಲ್ಲಿ ಬಂದು ಕೈಜೋಡಿಸಿರಬಹುದು, ಅದಕ್ಕೆ ಆಧಾರವಂತೂ ಇಲ್ಲ. ಅಜ್ಜಿಗೆ ಇದು ಹಿಡಿಸಲಿಲ್ಲ.

ದಾರಿ ತೆರೆದದ್ದು ಉಯಿಲಿನ ಸೂಚಿಯಿಂದ. 1858ರಿಂದ ಮುಂದಿನ ಮೂಲ ಉಯಿಲುಗಳೂ 1922ರಲ್ಲಿ ಸುಟ್ಟವು, ಆದರೆ ವರ್ಷವಾರು ಅಚ್ಚಾಗಿದ್ದ ಸೂಚಿ ಉಳಿದಿದೆ. ನಾಲ್ಕೈದು ಸಾಲಿನ ನಮೂದು: ಡಾಕ್ಟರರ ಹೆಸರು, ಸತ್ತ ದಿನ, ಬಿಟ್ಟುಹೋದ ಆಸ್ತಿಯ ಮೌಲ್ಯ, ಅಧಿಕಾರಪತ್ರ ಕಾರ್ಕ್‌ನಲ್ಲಿ ಕೊಟ್ಟದ್ದು. ಯಾರಿಗೆ? ತಮ್ಮನಿಗೆ, ರೈತ ಎಂದು, ಊರಿನ ಹೆಸರಿನ ಸಮೇತ. ಆ ಊರು ಡಿಸ್ಪೆನ್ಸರಿಯಿಂದ ದೂರ, ಬೇರೆಯದೇ ಪ್ಯಾರಿಷ್, ಅಂದರೆ ಬೇರೆ ಚರ್ಚಿನ ವ್ಯಾಪ್ತಿ. ಇಷ್ಟು ದಿನ ಪಕ್ಕದ ಚರ್ಚಿನ ಪುಸ್ತಕಗಳನ್ನೇ ತಡಕಾಡುತ್ತಿದ್ದೆ.

ಅಲ್ಲಿಂದ ಗ್ರಿಫಿತ್ ಭೂಮೌಲ್ಯಮಾಪನಕ್ಕೆ ಹೋದೆ, ಅಂದರೆ 19ನೇ ಶತಮಾನದ ಮಧ್ಯದಲ್ಲಿ ತೆರಿಗೆಗಾಗಿ ಯಾವ ಜಮೀನು ಯಾರ ಕೈಯಲ್ಲಿದೆ ಎಂದು ಬರೆದ ಪಟ್ಟಿಗೆ. ಕುಲನಾಮ ಆ ಸೀಮೆಯಲ್ಲಿ ಬೀದಿಗೊಂದು ಸಿಗುವಂಥದ್ದು. ಒಂದೇ ಹೆಸರಿನವರು ಇಬ್ಬರಿದ್ದರೆ ಅಧಿಕಾರಿಗಳು ಕಂಸದಲ್ಲಿ ತಂದೆಯ ಹೆಸರನ್ನೋ ಕೂದಲಿನ ಬಣ್ಣವನ್ನೋ ಸೇರಿಸುತ್ತಿದ್ದರು. ಈ ಊರಿನಲ್ಲಿ ಅದೇ ಕುಲನಾಮದ ಗೇಣಿದಾರ ಒಬ್ಬರಿದ್ದಾರೆ, ಕಂಸದಲ್ಲಿ ಅವರ ತಂದೆಯ ಹೆಸರೂ ಇದೆ, ಮಗನನ್ನು ಡಬ್ಲಿನ್ನಿಗೆ ಓದಲು ಕಳಿಸುವಷ್ಟು ಜಮೀನೂ ಇದೆ. ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರಿಡುವುದು ಅಲ್ಲಿಯೂ ರೂಢಿ. ಡಾಕ್ಟರರ ಹಿರಿಯ ಮಗನ ಹೆಸರು ಈ ಗೇಣಿದಾರರದೇ. ಬಲವಾದ ಅನುಮಾನಕ್ಕೆ ಇಷ್ಟು ಸಾಕು, ಪುರಾವೆಗೆ ಸಾಲದು.

ನಾನು ಈ ಕೆಲಸಕ್ಕೆ ಸಿಕ್ಕಿಬಿದ್ದದ್ದೇ ಡಾಕ್ಟರರ ಎರಡನೆಯ ಮಗನಿಂದ. ಅಜ್ಜಿಯ ಬಳಿಯಿರುವ ಅವರ ಭಾವಚಿತ್ರದ ರಟ್ಟಿನ ಕೆಳಗೆ ಬೆಂಗಳೂರಿನ ಸ್ಟುಡಿಯೋ ಹೆಸರಿದೆ. ನೀವು ಆ ಕಡೆಯವರಲ್ಲವೇ, ನೋಡಿ ಹೇಳಿ ಎಂದರು ಅಜ್ಜಿ. 1855ರಿಂದ ಇಂಡಿಯನ್ ಮೆಡಿಕಲ್ ಸರ್ವಿಸ್‌ಗೆ ಸ್ಪರ್ಧಾತ್ಮಕ ಪರೀಕ್ಷೆ ನಡೆಯುತ್ತಿತ್ತು; ಐರಿಷ್ ಕಾಲೇಜುಗಳಿಂದ ಅನೇಕರು ಬರೆದು ಬಂದರು. ಇವರು ಮದ್ರಾಸ್ ವಿಭಾಗದವರು. ಸೇವಾಪಟ್ಟಿಯಲ್ಲಿ ಹುಟ್ಟಿದ ದಿನವೂ ಸಿಕ್ಕಿತು, 1864ಕ್ಕೆ ಮೊದಲಿನದು. ಐರ್ಲೆಂಡ್ ಕೊಡದ ತಾರೀಕನ್ನು ಮದ್ರಾಸ್ ಕೊಟ್ಟಿತು.

ಡಾಕ್ಟರರ ಮದುವೆಯಾಗದ ಮಗಳು 1901ರ ಗಣತಿಯಲ್ಲಿ ಸಿಗುತ್ತಾಳೆ, 1911ರಲ್ಲೂ ಸಿಗುತ್ತಾಳೆ, ನಡುವೆ ವಯಸ್ಸು ಹದಿನಾಲ್ಕು ವರ್ಷ ಏರಿದೆ. ಯಾವುದು ನಿಜವೆಂದು ನಾನು ತಲೆಕೆಡಿಸಿಕೊಂಡಿಲ್ಲ.

ಇನ್ನು ಮುಂದೆ: ಕಾರ್ಕ್ ಜಿಲ್ಲಾ ಕಚೇರಿಯ ಉಯಿಲುಗಳ ನಕಲು ಪುಸ್ತಕ ಬೆಂಕಿಗೆ ಸಿಗದೆ ಡಬ್ಲಿನ್ನಿನಲ್ಲಿದೆ, ಅದರಲ್ಲಿ ಪೂರ್ತಿ ಪಾಠ ನೋಡಬೇಕು. ತಮ್ಮನ ಊರಿನ ಕ್ಯಾಥೊಲಿಕ್ ಪ್ಯಾರಿಷ್ ಪುಸ್ತಕ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿದೆ. 1825ರ ಆಸುಪಾಸಿನ ದೀಕ್ಷಾಸ್ನಾನಗಳನ್ನು ಓದತೊಡಗಿದ್ದೇನೆ, ಮಸಿ ಹರಡಿ ಅರ್ಧ ಪುಟಗಳು ಕಾಣುವುದಿಲ್ಲ. ಅಲ್ಲಿಯವರೆಗೆ ಗೇಣಿದಾರರನ್ನು ವಂಶವೃಕ್ಷದಲ್ಲಿ ಪೆನ್ಸಿಲಿನಲ್ಲೇ ಇಟ್ಟಿದ್ದೇನೆ. ಅಜ್ಜಿ ತಮ್ಮ ಪ್ರತಿಯಲ್ಲಿ ಆಗಲೇ ಪೆನ್ನಿನಲ್ಲಿ ತಿದ್ದಿಕೊಂಡಿದ್ದಾರೆ.