ಬೆಲ್ಟ್ ಬದಲಿಸಿ ಪಂಪ್ ಬಿಟ್ಟ ದಿನ

ಹಾಸನದ ವರ್ಕ್‌ಶಾಪ್ ಒಂದರಲ್ಲಿ ಹದಿನೆಂಟು ವರ್ಷಗಳಿಂದ ಕಾರುಗಳ ಎಂಜಿನ್ ಕೆಲಸ ಮಾಡುತ್ತಿದ್ದೇನೆ. ಎಂಜಿನ್ ತಂಪಾಗಿಡುವ ದ್ರವವನ್ನು, ಅಂದರೆ ಕೂಲಂಟನ್ನು, ಸುತ್ತಿಸುವ ವಾಟರ್ ಪಂಪ್ ಯಾವಾಗ ಬದಲಿಸಬೇಕು ಎಂದು ಯಾರೇ ಕೇಳಿದರೂ ಬಹಳ ಕಾಲ ನನ್ನದು ಒಂದೇ ಉತ್ತರವಾಗಿತ್ತು: ಸೋರದಿದ್ದರೆ ಮುಟ್ಟಬೇಡಿ. ಈ ಉತ್ತರ ಎಲ್ಲ ಎಂಜಿನ್‌ಗಳಿಗೂ ಸಲ್ಲುವುದಿಲ್ಲ ಎಂಬುದನ್ನು ಒಬ್ಬ ಟ್ಯಾಕ್ಸಿ ಚಾಲಕರಿಗಾದ ನಷ್ಟದಿಂದ ಕಲಿತೆ.

ಅವರ ಡೀಸೆಲ್ ಕಾರು 92,000 ಕಿ.ಮೀ. ಓಡಿದಾಗ ಟೈಮಿಂಗ್ ಬೆಲ್ಟ್, ಅಂದರೆ ವಾಲ್ವ್‌ಗಳನ್ನು ಪಿಸ್ಟನ್‌ಗಳ ಓಟಕ್ಕೆ ಹೊಂದಿಸಿ ತೆರೆದುಮುಚ್ಚಿಸುವ ಬೆಲ್ಟ್, ಬದಲಿಸಲು ಬಂದಿತ್ತು. ಆ ಎಂಜಿನ್‌ನಲ್ಲಿ ವಾಟರ್ ಪಂಪನ್ನು ತಿರುಗಿಸುವುದೂ ಅದೇ ಬೆಲ್ಟ್. ಎಂಜಿನ್ ಮೌಂಟ್ ಬಿಚ್ಚಿ, ಕವರ್ ತೆಗೆದು, ಹಳೆಯ ಬೆಲ್ಟ್ ಕಳಚಿದ ಮೇಲೆ ಪಂಪಿನ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ, ಅಲುಗಾಡಿಸಿ ನೋಡಿದೆ. ಪ್ಲೇ (ಸಡಿಲಿಕೆ) ಇರಲಿಲ್ಲ, ಶಬ್ದವೂ ಇರಲಿಲ್ಲ. ಪಂಪಿನ ವೀಪ್ ಹೋಲ್ ಎಂಬ ಸಣ್ಣ ತೂತಿನ ಕೆಳಗೆ ಉಗುರಿನಗಲದ ಒಣಕಲೆಯೊಂದು ಮಾತ್ರ ಕಂಡಿತು. “ಪಂಪ್ ಚೆನ್ನಾಗಿದೆ ಅಣ್ಣ, ಸುಮ್ಮನೆ ಯಾಕೆ ದುಡ್ಡು ಹಾಕ್ತೀರಿ” ಎಂದು ನಾನೇ ಹೇಳಿ ಗಾಡಿ ಕಳುಹಿಸಿಕೊಟ್ಟೆ.

1,18,000 ಕಿ.ಮೀ. ಹೊತ್ತಿಗೆ, ಮಂಗಳೂರಿನಿಂದ ಪ್ರಯಾಣಿಕರನ್ನು ಕರೆತರುತ್ತಿದ್ದಾಗ, ಶಿರಾಡಿ ಘಾಟಿಯ ಏರಿನಲ್ಲಿ ಎಂಜಿನ್ ನಿಂತುಹೋಯಿತು. ಬಿಚ್ಚಿ ನೋಡಿದರೆ ಪಂಪಿನ ಬೇರಿಂಗ್ ಸವೆದು ಪುಲ್ಲಿ ಓರೆಯಾಗಿತ್ತು, ಬೆಲ್ಟಿನ ಅಂಚು ನಾರುನಾರಾಗಿ ಕೂಲಂಟಿನಲ್ಲಿ ನೆನೆದಿತ್ತು, ಬೆಲ್ಟ್ ಹಲ್ಲು ಜಾರಿದ್ದರಿಂದ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಬಾಗಿದ್ದವು. ಎಂಜಿನ್ನಿನ ಮೇಲ್ಭಾಗವಾದ ಹೆಡ್ ಇಳಿಸಿ ಕೆಲಸ ಮುಗಿಸುವಷ್ಟರಲ್ಲಿ ಒಂಬತ್ತು ದಿನಗಳಾದವು. ಅಷ್ಟು ದಿನವೂ ಅವರಿಗೆ ದುಡಿಮೆ ಇರಲಿಲ್ಲ, ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಅದೇ ನನ್ನನ್ನು ಹೆಚ್ಚು ನೋಯಿಸಿತು.

ಆ ಒಣಕಲೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಪಂಪಿನೊಳಗೆ ಕೂಲಂಟನ್ನು ತಡೆಯುವ ಸೀಲ್‌ಗೂ ಬೇರಿಂಗ್‌ಗೂ ನಡುವೆ ಇರುವ ಸಣ್ಣ ತೂತೇ ವೀಪ್ ಹೋಲ್. ಸೀಲ್ ದಾಟಿ ಬಂದ ಕೂಲಂಟ್ ಬೇರಿಂಗಿನ ಗ್ರೀಸನ್ನು ತೊಳೆದುಹಾಕದೆ ಹೊರಗೆ ಹರಿದುಹೋಗಲಿ ಎಂದೇ ಅದನ್ನು ಇಟ್ಟಿರುತ್ತಾರೆ. ಹೊಸ ಪಂಪಿನಲ್ಲೂ ಸೀಲ್ ಹೊಂದಿಕೊಳ್ಳುವವರೆಗೆ ಒಂದಿಷ್ಟು ಪಸೆ ಕಾಣಬಹುದು, ಆದ್ದರಿಂದ ಕಲೆ ಇದ್ದಮಾತ್ರಕ್ಕೆ ಪಂಪ್ ಕೆಟ್ಟಿದೆ ಎನ್ನಲಾಗದು. ಆದರೆ ಕಲೆ ಒರೆಸಿದ ಮೇಲೆ ಮತ್ತೆ ಹಸಿಯಾದರೆ, ಅಥವಾ ತೂತಿನಿಂದ ಕೆಳಕ್ಕೆ ಹರಳುಗಟ್ಟಿದ ಗೆರೆ ಇಳಿದಿದ್ದರೆ, ಸೀಲಿನ ಆಯುಷ್ಯ ಮುಗಿಯುತ್ತ ಬಂದಿದೆ ಎಂದೇ ತಿಳಿಯಬೇಕು.

ಪಂಪ್ ಹೊರಗಿನ ಫ್ಯಾನ್ ಬೆಲ್ಟಿನಿಂದ ತಿರುಗುವ ಎಂಜಿನ್‌ಗಳಲ್ಲಿ ನನ್ನ ಹಳೆಯ ಉತ್ತರವನ್ನೇ ಈಗಲೂ ಕೊಡುತ್ತೇನೆ, ಏಕೆಂದರೆ ಅಲ್ಲಿ ಸೋರಿಕೆ ಕಣ್ಣಿಗೆ ಬೀಳುತ್ತದೆ, ಬಿಚ್ಚುವ ಕೂಲಿಯೂ ಕಡಿಮೆ. ಪಂಪ್ ಟೈಮಿಂಗ್ ಬೆಲ್ಟಿನ ಕವರಿನೊಳಗೆ ಇದ್ದರೆ ಅದರ ಇಂದಿನ ಸ್ಥಿತಿಯನ್ನಷ್ಟೇ ನೋಡಿದರೆ ಸಾಲದು. ಮುಂದಿನ ಬೆಲ್ಟ್ ಬದಲಾಗುವವರೆಗೆ ಅದು ಬಾಳಬಲ್ಲುದೇ ಎಂದು ಕೇಳಿಕೊಳ್ಳಬೇಕು. ಒಮ್ಮೆ 92,000 ಕಿ.ಮೀ. ಓಡಿದ ಪಂಪ್ ಮತ್ತೆ ಅಷ್ಟೇ ದೂರ ಓಡುತ್ತದೆ ಎಂದು ನಾನು ಹೇಗೆ ಭರವಸೆ ಕೊಡಲಿ? ಬೆಲ್ಟಿಗಾಗಿ ಹೇಗೂ ಎಲ್ಲವನ್ನೂ ಬಿಚ್ಚಿರುವಾಗ ಹೆಚ್ಚಿನ ಖರ್ಚು ಬಹುಪಾಲು ಪಂಪಿನ ಬೆಲೆಯಷ್ಟೇ.

ಹಾಗೆಂದು ಎಂಜಿನ್ ಹೀಟ್ ಆದಾಗಲೆಲ್ಲ ಪಂಪನ್ನು ದೂರುವುದೂ ತಪ್ಪು. ಕೂಲಂಟಿನ ದಾರಿ ತೆರೆದುಮುಚ್ಚುವ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಉಳಿದಿದ್ದರೂ, ಫ್ಯಾನ್ ತಿರುಗದಿದ್ದರೂ, ರೇಡಿಯೇಟರ್ ಕಟ್ಟಿಕೊಂಡಿದ್ದರೂ ಮೀಟರ್ ಮುಳ್ಳು ಅಷ್ಟೇ ಮೇಲೇರುತ್ತದೆ. ಎಂಜಿನ್ ತಣ್ಣಗಿರುವಾಗ ಪ್ರೆಶರ್ ಟೆಸ್ಟರ್ ಹಾಕಿ, ರೇಡಿಯೇಟರ್ ಕ್ಯಾಪಿನ ಮೇಲೆ ಬರೆದಿರುವಷ್ಟೇ ಒತ್ತಡ ಕೊಟ್ಟು ಹದಿನೈದು ನಿಮಿಷ ಕಾದು ನೋಡಿದರೆ ಎಲ್ಲಿ ಸೋರುತ್ತಿದೆ ಎಂಬುದು ಸಾಮಾನ್ಯವಾಗಿ ಗೊತ್ತಾಗುತ್ತದೆ.

ಈಗ ಟೈಮಿಂಗ್ ಬೆಲ್ಟಿನ ಕೆಲಸ ಬಂದಾಗ ಅಂದಾಜು ಪಟ್ಟಿಯಲ್ಲಿ ಪಂಪಿನ ಬೆಲೆಯನ್ನೂ ಮೊದಲೇ ಬರೆದು, ಹಳೆಯ ಪಂಪನ್ನು ಮಾಲೀಕರ ಕೈಗೆ ಕೊಟ್ಟು, ಕೂಲಂಟ್ ಬದಲು ಬೋರ್‌ವೆಲ್ ನೀರು ತುಂಬಿದ್ದರೆ ಇಂಪೆಲ್ಲರ್ (ಪಂಪಿನೊಳಗೆ ತಿರುಗುವ ಚಕ್ರ) ಮೇಲೆ ಕೂತ ಸುಣ್ಣದಂಥ ಪದರವನ್ನು ತೋರಿಸುತ್ತೇನೆ. ಆ ಟ್ಯಾಕ್ಸಿಗೆ ಹಾಕಿದ ಹೊಸ ಪಂಪಿನ ಕೆಳಗೆ, ಕವರಿನ ಅಂಚನ್ನು, ಕಾರು ಸರ್ವಿಸಿಗೆ ಬಂದಾಗಲೆಲ್ಲ ಬಿಳಿ ಬಟ್ಟೆಯಲ್ಲಿ ನಾನೇ ಒರೆಸಿ ನೋಡುತ್ತೇನೆ.